ಎರಡು ಮನಿ ನೋಡಿದ ಆಯಿತವಾರ

ಮದಲನೇದು ರಾಯಚೂರ ಕೋಟಿ ಒಳಗಿನ ಓಣ್ಯಾಗ.
ಬಾಗಿ ಹೋಗಬೇಕು, ತಲಿಬಾಗಲ ಗಿಡ್ಡ.
ಆರು ಕಂಬ, ಮೂರು ತೊಲಿ, ಐವತ್ತೆರಡು ಜಂತಿ.
ಎಣಿಸೋದು ನನ್ನ ಚಟ. ಹದಿನಾಲ್ಕು ವರ್ಷ
ಲಿಂಗಸುಗೂರ ಬಸ್ಸಿನ್ಯಾಗ ತಲಿ ಎಣಿಸೀನಿ,
ಸೀಟಿನ ಕೆಳಗ ಅಡಗಿದ ಹುಡುಗನ್ನೂ ಬಿಟ್ಟಿಲ್ಲ.

ಹೊರಗ ನಲವತ್ಮೂರು ಡಿಗ್ರಿ.
ಒಳಗ, ಒದ್ದಿ ಅರಿವಿ ಹಣಿಮ್ಯಾಲ ಇಟ್ಟಂಗ.
ಬೆಳಕಿಂಡ್ಯಾಗಿಂದ ರೊಟ್ಟಿಯಷ್ಟು ಬಿಸಲು
ನೆಲದ ಮ್ಯಾಲ ಸರಕೋತ ಹೊಂಟಿತ್ತು.
ಗುಂಡೇರಾಯರು ಅಂದರು: "ರಾತ್ರಿ ತಣ್ಣಗಾದಂಗ
ತೊಲಿ ಟಕ್ ಅಂತದಮ್ಮ, ಅಂಜಬ್ಯಾಡ್ರಿ.
ಕಟಿಗಿ ಮೈ ಮುರೀತದ, ಅಷ್ಟ."

ಮೌನೇಶ ಬಡಿಗ್ಯಾರನ್ನ ಕರಕೊಂಡು ಹೋಗಿದ್ವಿ.
ಅಂವ ಮಾತಾಡಲಿಲ್ಲ. ಉಳಿ ಹಿಡಿಕಿಲೆ
ಕಂಬಕ್ಕೊಂದು ಏಟು, ಕಿವಿ ಹಚ್ಚಿ ನಿಂತ.
ಐದು ಕಂಬ ದಾಟಿದ.
ಆರನೇದರ ಬುಡಕ್ಕ ಉಳಿ ಒತ್ತಿದರ
ಬೆಣ್ಣ್ಯಾಗ ಹೋದಂಗ ಹೋತು.
"ಒರ್ಲಿ," ಅಂದ. "ಮ್ಯಾಲ ಸಾಗವಾನಿ, ಒಳಗ ರವಾ."

ಬ್ಯಾಂಕಿನಾಕಿ ಫೋನಿನ್ಯಾಗ:
"ಮಾಳಗಿ ಮನಿಗೆ ಸಾಲ ಆಗೂದಿಲ್ಲ ಮೇಡಂ.
ಕಾಲಂ ಅವ ಏನ್ರಿ?"
ಆರು ಅವ, ಅಂದೆ. ಸಾಗವಾನಿವು.
ಆಕಿ ಕಟ್ ಮಾಡಿದಳು.

ಎರಡನೇದು ಯರಮರಸ್ ದಾರಿಗೆ, ಹೊಸ ಲೇಔಟ್.
ದಲಾಲಿ ಖಾಜಾ ಹುಸೇನ ಗ್ವಾಡಿಗೆ ಅಂಗೈ ಬಡದ,
ಸಂತ್ಯಾಗ ಎಮ್ಮಿ ಬೆನ್ನಿಗೆ ಬಡದಂಗ.
"ಪಕ್ಕಾ ಬ್ಲಾಕ್ ನೋಡ್ರಿ. ನಿಮ್ಮ ಶಕ್ತಿನಗರದ ಬೂದಿ.
ಒರ್ಲಿ ಬಂದರ ಹಲ್ಲು ಮುರಕೊಂಡು ಹೋಗತಾವ.
ಹೆಸರಾ ಬೂದೆಪ್ಪ, ನಿಮಗ ಬಿಟ್ಟು ಯಾರಿಗೆ ಕೊಡಲಿ?"

ನನ್ನ ಗಂಡ ನಗಲಿಲ್ಲ.
ಇಪ್ಪತ್ತು ವರ್ಷ ಟ್ಯಾಂಕರಿಗೆ ಬೂದಿ ತುಂಬ್ಯಾನ.
ಅಂವನ ಅಂಗಿ ತೊಳದ ನೀರು
ಬಚ್ಚಲ ಕಲ್ಲಿಗೆ ಒಂದು ಬಣ್ಣ ಹಿಡಿಸ್ಯದ.
ಕೆಮ್ಮಿದರ ಕರ್ಚೀಪಿನ್ಯಾಗೂ ಅದಾ ಬಣ್ಣ.
"ಹಗಲೆಲ್ಲಾ ಇದರ ಜೊತಿಗೇ ಇರತೀನಿ," ಅಂದ,
"ರಾತ್ರಿನೂ ಸುತ್ತ ನಿಂತು ನನ್ನ ನೋಡಬೇಕೇನು?"

ಸ್ಲ್ಯಾಬಿಗೆ ಕೈ ಎತ್ತಿದೆ. ಮುಟ್ಟಲಿಲ್ಲ,
ಆದರೂ ಕಾವು ಅಂಗೈಗೆ ಬಂತು, ಹಂಚಿನ ಕಾವು.
"ಸಂಜಿಮುಂದ ಮ್ಯಾಲ ನೀರು ಹೊಡೀರಿ, ತಣ್ಣಗಾಗತದ."
ಯಾವ ನೀರು? ಅಂದೆ.
ಖಾಜಾ ಹುಸೇನ ಕಿಟಕಿ ತೋರಿಸಾಕ ಹೋದ.

ಬರೋ ಹಾದ್ಯಾಗ, ಆಟೋದಾಗ, ಒಂದಾ ಮಾತು ಆಡಿದ:
"ಕಲ್ಲಿದ್ದಲಂದರೂ ಒಂದು ಕಾಲಕ್ಕ ಅಡವಿ.
ಅದೂ ಗಿಡ, ಇದೂ ಗಿಡ.
ಇದು ಸುಟ್ಟು ಮುಗದದ್ದು,
ಅದು ಇನ್ನಾ ಸುಡೋದು ಅದ."
ತೀನ್ ಕಂದೀಲ್ ಬರೂತನಕ ಸುಮ್ಮನ ಕುಂತ.

ತೊಟ್ಟಿಲ ಕಟ್ಟೋ ಕಬ್ಬಿಣದ ಕೊಂಡಿ
ಆ ನಡುವಿನ ತೊಲಿಗೆ ಎರಡಿದ್ವು.
ನಮಗ ಮಕ್ಕಳಿಲ್ಲ.
ಅದನ್ನ ಲೆಕ್ಕದಾಗ ಹಿಡೀಲಿಲ್ಲ ನಾನು.
ಲೆಕ್ಕ ಬ್ಯಾರೇನ ಇತ್ತು: ಪಿಎಫ್ ಮುರದದ್ದು,
ಎರಡು ಜೊತಿ ಬಳಿ, ಸಂಘದ ಚೀಟಿ, ಆರನೇ ಕಂಬ.

ಬ್ಲಾಕ್ ತಗೊಂಡ್ವಿ.

ಮದಲನೇ ದಿನ ಟಿಕೆಟ್ ಚೀಲ ತೂಗಹಾಕಾಕ
ಮೊಳಿ ಬಡದೆ. ಮೂರನೇ ಏಟಿಗೆ ಗ್ವಾಡಿ
ಬಾಯಿ ಬಿಟ್ಟಿತು. ಒಳಗ ಪೊಳ್ಳು.
ಉದುರಿದ ಬೂದಿ ಅಂಗೈ ತುಂಬ.
ಗಂಡ ಬಂದು ಎರಡು ಬಳ್ಳಿನ್ಯಾಗ ತಿಕ್ಕಿದ,
ಗಿರಣಿಯಿಂದ ಬಂದ ಹಿಟ್ಟು ನೋಡಿದಂಗ.
"ಎರಡನೇ ಯೂನಿಟ್ಟಿಂದು," ಅಂದ.
"ಇದನ್ನ ನಾನಾ ತುಂಬಿರಬೇಕು."
ದನಿಯಾಗ ಸಿಟ್ಟಿರಲಿಲ್ಲ. ಗುರುತಿತ್ತು.

ಸಂಜಿಗೆ ಮೌನೇಶ ಬಂದ. ಕಿಸೆದಾಗಿಂದ
ಬಳ್ಳುದ್ದ ಸಾಗವಾನಿ ತುಂಡು ತಗದ.
ಎಲ್ಲಿದು ಅಂತ ನಾವು ಕೇಳಲಿಲ್ಲ.
ಗುಟ್ಟಿ ಕೆತ್ತಿ, ಪೊಳ್ಳಿಗೆ ಇಟ್ಟು ಬಡದ.
ಅದಕ್ಕ ಮೊಳಿ ಕಚ್ಚಿತು.

ಚೀಲ ಈಗ ಅಲ್ಲೇ ನೇತಾಡತದ.
ಹಗಲೆಲ್ಲಾ ನನ್ನ ಹೆಗಲ ಎಳದ ಚಿಲ್ಲರ
ರಾತ್ರಿ ಗ್ವಾಡಿನ್ನ ಎಳೀತದ.
ನಸಕಿನ್ಯಾಗ ಐದೂ ನಲವತ್ತರ ಗಾಡಿ.
ಕಣ್ಣು ಹತ್ತೋ ಹೊತ್ತಿಗೆ ಎಲ್ಲೋ ಟಕ್ ಅಂತು.
ಗುಟ್ಟಿಯೋ, ಮಗ್ಗಲ ಬದಲಿಸಿದ ಅಂವನ ಮೊಳಕಾಲೋ.
ಎದ್ದು ನೋಡಲಿಲ್ಲ.