ಕಳೆಯುವ ಲೆಕ್ಕ

ಗುತ್ತಲು ರಸ್ತೆಯಲ್ಲಿ ನನ್ನದೊಂದು ಗೊಬ್ಬರದಂಗಡಿ.
ಮುಂದೆ ಯೂರಿಯಾ, ಪೊಟ್ಯಾಷು, ಕಳೆನಾಶಕದ ನೀಲಿ ಡಬ್ಬಿ;
ಹಿಂದಿನ ಕೋಣೆಯಲ್ಲಿ
ಮೂರಡಿ ಉದ್ದದ ಕಡಲು.

ಮಂಡ್ಯದೋರಿಗೆ ಕಡಲೆ ಗೊತ್ತು, ಕಡಲ್ಯಾಕಣ್ಣ
ಅಂತ ನಕ್ಕಿದ್ದ ಹಮಾಲಿ ಬೋರಲಿಂಗ.
ಈಗ ದಿನಾ ಬೆಳಗ್ಗೆ
ಆ ಎರಡು ಕೋಡಂಗಿ ಮೀನಿಗೆ ಮುಖ ತೋರಿಸಿಯೇ
ಮೂಟೆಗೆ ಹೆಗಲು ಕೊಡುತ್ತಾನೆ.

ಉಪ್ಪು ಪಾಕೀಟಿನಲ್ಲಿ ಬರುತ್ತದೆ. ನೀರು ಕಾವೇರಿಯದೇ.
ಸೋಸಿ, ಕಲಕಿ, ತೂಕ ನೋಡಿ, ಒಂದು ರಾತ್ರಿ ಸುಮ್ಮನೆ ಬಿಟ್ಟು
ಹೊಳೆಗೆ ಕಡಲಾಗುವುದನ್ನು ಕಲಿಸಲು
ಆರು ತಿಂಗಳು ಹಿಡಿಯಿತು ನನಗೆ.

ಆಮೇಲೆ ಬಂತು ಪಾಚಿ.
ಬೆಳಗ್ಗೆ ಒರೆಸಿದ ಗಾಜು ಸಂಜೆಗೆ ಕಂದು,
ಕಲ್ಲಿಗೆಲ್ಲ ಕೂದಲು.
ನಳಿಕೆಗೆ ನೀರು ತುಂಬಿ, ಹನಿ ಎಣಿಸಿ, ಕುಲುಕಿ,
ಗಡಿಯಾರ ನೋಡುತ್ತ ಕೂತೆ.
ಹಳದಿ ನಿಲ್ಲಬೇಕಾದದ್ದು ದಾಸವಾಳದ ಕೆಂಪಿಗೆ ತಿರುಗಿತು.
ನೈಟ್ರೇಟು.
ಮುಂದೆ ನಾನು ಮೂಟೆಗಟ್ಟಲೆ ಮಾರುವ ಸರಕೇ
ಹಿಂದೆ ಬಿಲ್ಲಿಲ್ಲದೆ ಬಂದು ಕೂತಿದೆ.

ಮಂಗಳೂರಿನ ರಾತ್ರಿ ಬಸ್ಸಿನ ಕಂಡಕ್ಟರ್ ಕೈಲಿ
ಇಲಿಯಾಜ್ ಒಂದು ಮೊಸರಿನ ಡಬ್ಬಿ ಕಳಿಸಿದ.
ಒದ್ದೆ ಪೇಪರಿನೊಳಗೆ ಹಿಡಿಯಷ್ಟು ಹಸಿರು ಸಿಕ್ಕು.
ಬೇರಿಲ್ಲ, ಎಲೆಯಿಲ್ಲ, ಹೂವಿನ ಮಾತೇ ಇಲ್ಲ.
'ಪಾತ್ರೆ ಉಜ್ಜೋ ನಾರಲ್ವ ಇದು?' ಅಂದಳು ಸುಗುಣ.
ಹೌದು ಕಣೆ, ನೀರು ಉಜ್ಜೋ ನಾರು.

ತೊಟ್ಟಿಯ ಕೆಳಗಿನ ತೊಟ್ಟಿಯಲ್ಲಿ ಅದಕ್ಕೊಂದು ಮನೆ,
ಅದಕ್ಕೇ ಅಂತ ಒಂದು ದೀಪ.
ಮೇಲೆ ಮೀನಿಗೆ ಇರುಳಾದಾಗ
ಕೆಳಗೆ ಕಳೆಗೆ ಹಗಲು.
ಕಬ್ಬು ಅರೆಯುವ ದಿನಗಳಲ್ಲಿ ನಡುರಾತ್ರಿ ಎದ್ದು ಬಂದರೆ
ಊರಿನಲ್ಲಿ ಎಚ್ಚರವಿರುವುದು ಎರಡೇ:
ಸಕ್ಕರೆ ಕಾರ್ಖಾನೆಯ ಪಾಳಿ,
ಮತ್ತೆ ಇದು,
ಮೀನು ಉಂಡು ಬಿಟ್ಟದ್ದನ್ನು
ಮೆಲ್ಲಗೆ ಮೈಗೂಡಿಸಿಕೊಳ್ಳುತ್ತ.
ಸಿಕ್ಕಿನೊಳಗೆ ಸಾಸಿವೆಗಿಂತ ಸಣ್ಣ ಹುಳಗಳು
ಓಡಾಡುತ್ತವೆ, ಸಂತೆಗೆ ತಡವಾದವರ ಹಾಗೆ.

ಬೆಳೆದರಷ್ಟೇ ಸಾಲದು, ಕೀಳಬೇಕು.
ಕೀಳದೆ ಬಿಟ್ಟರೆ ಒಂದು ದಿನ ಕೊಳೆತು
ಉಂಡದ್ದೆಲ್ಲ ನೀರಿಗೇ ಕಕ್ಕುತ್ತದೆ.
ಭಾನುವಾರ ಅರ್ಧ ಹರಿದು, ಹಿಂಡಿ,
ಬೀಜ ತೂಗುವ ತಕ್ಕಡಿಯಲ್ಲಿಟ್ಟೆ: ನೂರ ಎಂಬತ್ತು ಗ್ರಾಂ.
ಹಳೇ ಬಿಲ್‌ಬುಕ್ಕಿನ ಬೆನ್ನಿಗೆ ಬರೆದುಕೊಂಡೆ.
ಇಪ್ಪತ್ತೆರಡು ವರ್ಷ ಕೂಡುವ ಲೆಕ್ಕವೇ ಬರೆದ ಕೈ;
ಕಳೆಯುವುದು ಇದೇ ಮೊದಲು.

'ಕಳೆ ಸಾಯೋ ಔಸ್ದಿ ಮಾರ್ತೀಯ,
ಕಳೆಗೇ ದೀಪ ಹಚ್ತೀಯ,
ನಿಂದೊಳ್ಳೆ ನ್ಯಾಯ ಕಣಣ್ಣ' ಬೋರಲಿಂಗನ ತೀರ್ಪು.

ವಸೂಲಿಗೆ ಹೋಗುವಾಗ ನಾಲೆಯ ಏರಿಯಲ್ಲಿ ಬೈಕು ನಿಂತಿತು, ನಾನು ನಿಲ್ಲಿಸದೆಯೇ ಎಂಬಂತೆ.
ಗದ್ದೆಯಿಂದ ಬಸಿದು ಬಂದ ನೀರು ಕೆಳಗೆಲ್ಲೋ;
ಮೇಲೆ ಕಾಲಿಟ್ಟರೆ ನಡೆಯಬಹುದೆನ್ನುವಷ್ಟು ಹಸಿರು.
ನನ್ನ ಅಂಗಡಿಯ ಚೀಲವೊಂದು ಅದರ ನಡುವೆ,
ಫೋನ್ ನಂಬರು ಸ್ಪಷ್ಟ.
ಇದನ್ನು ಕೀಳುವ ಭಾನುವಾರ
ಯಾರದು?

ನಾಲ್ಕನೇ ತಿಂಗಳು ನಳಿಕೆಯಲ್ಲಿ ಅಪ್ಪಟ ಹಳದಿ. ಸೊನ್ನೆ.
ಸುಗುಣನನ್ನು ಕರೆದು ತೋರಿಸಿದೆ, ಬೋರಲಿಂಗನಿಗೆ ಟೀ ಕೊಡಿಸಿದೆ.
ವಾರದಲ್ಲಿ ಕಳೆ ಕಳೆಗುಂದಿತು.
ಹಸಿರಿಳಿದು ಬಿಳಿ ನೂಲು, ಮುಟ್ಟಿದರೆ ಮುರಿಯುವಂತೆ;
ಹವಳವೂ ಜ್ವರ ಬಿಟ್ಟವರ ಬಣ್ಣಕ್ಕೆ ಬಂತು.
ಫೋನಿನಲ್ಲಿ ಇಲಿಯಾಜ್ ನಕ್ಕ:
'ಉಪವಾಸ ಕೆಡವಿದ್ದೀಯಲ್ಲ ಮಾರಾಯ,
ಮೀನಿಗೆ ಒಂದು ಚಿಟಿಕೆ ಜಾಸ್ತಿ ಹಾಕು.'

ಚಿಟಿಕೆ.
ಮೂಟೆ ಬಿಟ್ಟರೆ ಬೇರೆ ಅಳತೆ ಕಾಣದ ಬೆರಳು
ನೀರಿನ ಮೇಲೆ ತಡವರಿಸಿತು.
ಇಷ್ಟೇ? ಇನ್ನಷ್ಟು?
ಮೀನೆರಡೂ ಬಾಯಿ ತೆರೆದು ಕಾದವು.

ಹೊರಗಿನಿಂದ ಕೂಗು: 'ಅಣ್ಣೋ, ಯೂರಿಯಾ ಮೂರು ಮೂಟೆ.'
ಕೈ ಒರೆಸಿಕೊಳ್ಳುತ್ತ ಬಂದು,
ಈ ಗಲ್ಲಾದಲ್ಲಿ ಕೂತು ಯಾವತ್ತೂ ಕೇಳದ್ದನ್ನು ಕೇಳಿದೆ:
'ಗದ್ದೆ ಎಷ್ಟು?'
ಬಿಲ್ಲು ಬರೆಯದೆ ನಿಂತವನ ಮುಖವನ್ನು
ಆತ ಸ್ವಲ್ಪ ಹೊತ್ತು ನೋಡಿದ.