ಕೊಸರು

ಎಣ್ಣೆ ಚೆಲ್ಲಬೇಡ, ಬೆನೆದಿತಾ.
ಡಬ್ಬಿ ತೆರೆದವರೆಲ್ಲ ಮೀನನ್ನೇ ನೋಡುತ್ತಾರೆ,
ಎಣ್ಣೆಯನ್ನು ಸಿಂಕಿಗೆ ಸುರಿಯುತ್ತಾರೆ.
ವರ್ಷಗಟ್ಟಲೆ ಕತ್ತಲಲ್ಲಿ ಕೂತು
ಮೀನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡದ್ದು ಎಣ್ಣೆ.
ಬಟ್ಟಲಿಗೆ ಬಸಿದಿಡು.

ನಿನ್ನ ತಮ್ಮನ ಗೆಳೆಯರು ಮೆಟ್ಟಿಲೇರುತ್ತಿದ್ದಾರೆ.
ಬೂಟಿನ ಸದ್ದು ಎಣಿಸಿದೆ: ಆರು. ಇಲ್ಲ, ಏಳು,
ಒಬ್ಬ ಕುಂಟುತ್ತಿದ್ದಾನೆ. ಪಂದ್ಯ ಸೋತಿರಬೇಕು.
ಮತೊಝಿನ್ಯೂಸಿನಲ್ಲಿ ಗೆದ್ದ ಹುಡುಗರು ಬಂದರಿನ ಬಾರಿಗೆ ಹೋಗುತ್ತಾರೆ,
ಸೋತವರು ಯಾರದೋ ಅಜ್ಜಿಯ ಮನೆಗೆ.

ಸರಿ, ನಿನ್ನೆಯ ಬ್ರೆಡ್ಡು ತೆಗಿ. ಕಲ್ಲಾಗಿದೆಯಾ? ಒಳ್ಳೆಯದಾಯಿತು.
ತೆಳ್ಳಗೆ ಕೊಯ್ದು ಕಾವಲಿಗೆ ತೋರಿಸು, ತೋರಿಸಿದರೆ ಸಾಕು.
ಬೆಳ್ಳುಳ್ಳಿ ಎಸಳನ್ನು ಅದರ ಮೈಗೆ ತಿಕ್ಕು,
ಮಗುವಿಗೆ ಎಣ್ಣೆ ತಿಕ್ಕಿದ ಹಾಗಲ್ಲ,
ನೆಲ ಉಜ್ಜಿದ ಹಾಗೆ.
ಬಂಗುಡೆಯ ಡಬ್ಬಿಗೆ ಬೆಣ್ಣೆ, ನಿಂಬೆ, ಚೂರು ಸಾಸಿವೆ,
ಫೋರ್ಕಿನಲ್ಲಿ ಕಿವುಚು, ತೀರಾ ನುಣ್ಣಗೆ ಬೇಡ,
ಮೀನೆಂದು ನಾಲಿಗೆಗೆ ಗೊತ್ತಾಗಬೇಕು.
ಟ್ಯೂನಾಕ್ಕೆ ಬೆಂದ ಕಡಲೆ, ಹಸಿ ಈರುಳ್ಳಿ, ಕೊತ್ತಂಬರಿ,
ಆ ಬಸಿದಿಟ್ಟ ಎಣ್ಣೆ ಎರಡು ಚಮಚ.
ಸಾರ್ಡೀನಿಗೆ ಏನೂ ಬೇಡ.
ಇದ್ದ ಹಾಗೇ ಬ್ರೆಡ್ಡಿನ ಮೇಲೆ ಮಲಗಿಸು,
ಮುಳ್ಳು ತೆಗೆಯಬೇಡ, ಅದು ಯಾವತ್ತೋ ಹಟ ಬಿಟ್ಟಿದೆ.

ಡಬ್ಬಿಗೆ ನಾಲ್ಕು.
ಮೂವತ್ತೊಂದು ವರ್ಷ ನಾನು ಎಣಿಸಿದ್ದು ಅಷ್ಟೇ,
ನಾಲ್ಕು, ನಾಲ್ಕು, ನಾಲ್ಕು,
ನಿದ್ದೆಯಲ್ಲೂ ನಾಲ್ಕು.
ಒಂದೊಂದು ಕಾರ್ಖಾನೆಗೆ ಒಂದೊಂದು ಸೈರನ್ನು,
ನಮ್ಮದು ಮೊದಲು ಕೆಮ್ಮಿ ಆಮೇಲೆ ಕೂಗುತ್ತಿತ್ತು.
ದೋಣಿ ಬಂತೆಂದರೆ ಬಂತು, ನಡುರಾತ್ರಿಯಾದರೇನು,
ನಿನ್ನಮ್ಮನ ಬಾಯಿಂದ ಮೊಲೆ ಬಿಡಿಸಿಕೊಂಡು ಓಡಬೇಕು.
ತಗಡು ಕೊಯ್ದ ಬೆರಳಿಗೆ ಉಪ್ಪುನೀರೇ ಮುಲಾಮು.

ನನ್ನ ಎಡಕ್ಕೆ ಝುಲ್ಮಿರಾ ನಿಲ್ಲುತ್ತಿದ್ದಳು.
ಮೇಸ್ತ್ರಿ ಬೆನ್ನು ತಿರುಗಿಸಿದ್ದೇ ತಡ
ನಾಲ್ಕರ ಅಡಿಗೆ, ಕಿರುಬೆರಳಷ್ಟು,
ಐದನೆಯದೊಂದನ್ನು ತೂರಿಸಿಬಿಡುತ್ತಿದ್ದಳು.
ಯಾಕೇ? ಎಂದರೆ, ಕೊಸರು, ಅನ್ನುತ್ತಿದ್ದಳು.
ಯಾವ ಊರಲ್ಲೋ ಯಾರೋ ಒಬ್ಬರೇ ಕೂತು ತೆರೆಯುತ್ತಾರೆ,
ಎಣಿಸಿ ನೋಡಲಿ.
ಎರಡು ಸಲ ಸಿಕ್ಕಿಬಿದ್ದಳು, ಎರಡು ವಾರದ ಕೂಲಿ ಹೋಯಿತು.
ಮೂರನೆಯ ಸಲ
ಡಬ್ಬಿ ನನ್ನದೆಂದು ನಾನೇ ಹೇಳಿದೆ.
ಕಾರ್ಖಾನೆ ಈಗ ಜಿಮ್ಮು.
ನಾವು ನಿಂತಿದ್ದ ಜಾಗದಲ್ಲಿ ಜನ ನಿಂತಲ್ಲೇ ಓಡುತ್ತಾರಂತೆ.

ಬನ್ನಿ, ಬನ್ನಿ, ಬೂಟು ಹೊರಗೇ ಬಿಡಿ!
ತಟ್ಟೆ ಇಡುವ ಮೊದಲೇ ಖಾಲಿ, ಮಿಡತೆಗಳ ಹಿಂಡು.
ಏನು, ಸಾಲದಾ? ಮೇಲಿನ ಕಪಾಟಿನಲ್ಲಿ ನೋಡು,
ಹಿಟ್ಟಿನ ಡಬ್ಬದ ಮುಂದೆ.
ಮುಂದೆ ಅಂದೆ, ಹಿಂದೆ ಅಲ್ಲ...

ತೆರೆದುಬಿಟ್ಟೆಯಾ.

ಅದು ಬಾಗಿಲು ಮುಚ್ಚಿದ ವಾರದ್ದು, ಅವಳ ಕೊನೆಯದು.
ಹನ್ನೆರಡು ವರ್ಷ, ಆರು ತಿಂಗಳಿಗೊಮ್ಮೆ
ಮಗ್ಗುಲು ಬದಲಿಸಿದ್ದೇನೆ ಅದಕ್ಕೆ.
ಕೊನೆಕೊನೆಗೆ ಝುಲ್ಮಿರಾಗೂ ಹಾಗೇ ಬದಲಿಸಬೇಕಾಗಿತ್ತು,
ಬೆನ್ನು ಹುಣ್ಣಾಗದಿರಲೆಂದು.
ಇಲ್ಲ, ಅಳುತ್ತಿಲ್ಲ, ಈರುಳ್ಳಿ ಹೆಚ್ಚಿದ್ದು ನಾನಲ್ಲವಾ.
ಕೊಡು, ಆ ಕುಂಟುವವನಿಗೇ ಕೊಡು.
ಪೆನಾಲ್ಟಿ ಹೊರಗೊದ್ದವನು ಅವನೇ ಇರಬೇಕು,
ಯಾರೂ ಅವನ ಪಕ್ಕ ಕೂತಿಲ್ಲ ನೋಡು.

ತಿನ್ನುತ್ತಿದ್ದಾನೆ. ತಲೆ ಎತ್ತಿದ.
ಅಜ್ಜಿ, ಇದ್ಯಾವ ಕಂಪನಿಯದು? ಅಂತಾನೆ.
ಕಂಪನಿಯದಲ್ಲ ಮಗನೇ, ಕೈಗುಣದ್ದು.
ಎಷ್ಟಿದ್ದವು, ಎಣಿಸಿದೆಯಾ?
ಇಲ್ಲವಂತೆ.
ಎಣ್ಣೆಯನ್ನೂ ಬ್ರೆಡ್ಡಲ್ಲಿ ಒರೆಸಿ ತಿಂದಿದ್ದಾನೆ, ತಳ ಹೊಳೆಯುತ್ತಿದೆ.

ಆ ಡಬ್ಬಿ ಎಸೆಯಬೇಡ, ತೊಳೆ. ಮೆಲ್ಲಗೆ,
ಅಂಚಿಗೆ ಇನ್ನೂ ಹಲ್ಲಿದೆ.