ಎತ್ತಿಕೊಡುವವಳು

ಬೆಲ್ಮಲೆಟ್ಟಿನ ಪ್ಯಾರಿಷ್ ಸಭಾಂಗಣದಲ್ಲಿ
ಎಡಪರದೆಯ ಹಿಂದೆ, ಮುಕ್ಕಾಲಿಯ ಮೇಲೆ
ಟಾರ್ಚು ಹಿಡಿದು ಕೂರುತ್ತಿದ್ದವಳು ನಾನು, ಡರ್ವ್ಲಾ.
ನಟರು ತಡವರಿಸಿದರೆ ಮಾತು ಎತ್ತಿಕೊಡುವುದು ಕೆಲಸ.
ಸಂಬಳವಿಲ್ಲ; ನಡುವೆ ಒಂದು ಕಪ್ ಚಹಾ.

ಕವಿ ಹೋಗಿ ಹನ್ನೊಂದು ವರ್ಷ.
ಅವನ ಸಾಲು ಈಗ ಎಲ್ಲಿಲ್ಲ?
ಅಡುಗೆಮನೆಯ ಟವೆಲ್ಲಿನ ಮೇಲೆ, ಬ್ಯಾಂಕಿನ ಕ್ಯಾಲೆಂಡರಿನಲ್ಲಿ,
ಮಂತ್ರಿಯ ಬಾಯಲ್ಲಿ ಅರ್ಧಕ್ಕೆ ಮುರಿದು.
ಮದುವೆಗೊಂದು, ಮಣ್ಣಿಗೊಂದು.
ಸೇತುವೆಯ ಕಲ್ಲಿನಲ್ಲಂತೂ ಕೆತ್ತಿಯೇ ಬಿಟ್ಟಿದ್ದಾರೆ:

ಕಡಲು ಒಯ್ದದ್ದನ್ನು ಎಣಿಸಬೇಡ, ಮಗಳೇ,
ಕಡಲಿಗೆ ಲೆಕ್ಕ ಬರುವುದಿಲ್ಲ.

ಆ ರಾತ್ರಿ, ಎರಡನೇ ಅಂಕದಲ್ಲಿ
ಫಿಂಟನ್ ಲವೆಲ್ ನಿಂತುಬಿಟ್ಟ,
ಲಾರಿಯ ದೀಪಕ್ಕೆ ಸಿಕ್ಕ ಮೊಲದ ಹಾಗೆ.
ನನ್ನ ಪ್ರತಿಯಲ್ಲಿ ಆ ಪುಟವೇ ಇಲ್ಲ!
ಯಾರೋ ಅದರಿಂದ ಒಲೆ ಹೊತ್ತಿಸಿದ್ದರು.
ಸಭೆಯಲ್ಲಿ ಒಂದು ಕೆಮ್ಮು. ಇನ್ನೊಂದು.
ಆಗ ನಾಲಿಗೆಗೆ ಬಂದದ್ದು
ಅಜ್ಜಿ ಬಂಗಡೆ ಸೀಳುತ್ತಾ, ನನ್ನತ್ತ ನೋಡದೆ
ಒಮ್ಮೆ ಅಂದ ಮಾತು.
ಅವಳದು ಐರಿಷ್.
ಇಂಗ್ಲಿಷಿಗೆ ತಿರುಗಿಸಿದ್ದು ನನ್ನ ಹೆದರಿಕೆ.

ನಾನು ಪಿಸುಗುಟ್ಟಿದೆ, ಅವನು ಗುಡುಗಿದ.
ಮತ್ತೆ ಯಾರೂ ಕೆಮ್ಮಲಿಲ್ಲ.

ಮೂರನೇ ಸಾಲಿನಲ್ಲಿದ್ದ ಕವಿ
ಆಟ ಮುಗಿದ ಮೇಲೆ ಪರದೆಯ ಹಿಂದೆ ಬಂದ,
ಟೋಪಿ ತೆಗೆದು ಕೇಳಿದ್ದು ಇಷ್ಟೇ:
ಇನ್ನೊಮ್ಮೆ ಹೇಳು. ನಿಧಾನ.
ಸಿಗರೇಟು ಪ್ಯಾಕಿನ ಮೇಲೆ ಬರೆದುಕೊಂಡ.

ಕಳ್ಳ ಎನ್ನಲೇ? ಯಾರ ಪರವಾಗಿ?
ಅಜ್ಜಿಗೆ ಓದೇ ಬರುತ್ತಿರಲಿಲ್ಲ.

ಭಾನುವಾರ ಸೇತುವೆ ದಾಟುವಾಗ
ಅಕ್ಷರದ ಸಂದಿನ ಪಾಚಿಯನ್ನು
ಉಗುರಿನಿಂದ ಕೆರೆಯುತ್ತೇನೆ.
ಶಾಲೆಯ ಹುಡುಗರು ಗಟ್ಟಿಯಾಗಿ ಓದುತ್ತಾರೆ,
'ಮಗಳೇ' ಬಂದಲ್ಲಿ ತಡವರಿಸುತ್ತಾರೆ.
ತುಟಿ ತಾನಾಗಿ ಅಲ್ಲಾಡುತ್ತದೆ,
ಎತ್ತಿಕೊಡುತ್ತೇನೆ.